ಒಂದೆಳೆ ಕಡಿದ ಪಾವು

ಪಾವು ದೊಡ್ಡಪ್ಪನ ಬಲಗೈ ತೋರುಬೆರಳಿನಲ್ಲಿ ನೂಲು ಓಡಿ ಓಡಿ ಒಂದು ಗೆರೆ ಕೊರೆದಿತ್ತು. ಅದರಲ್ಲಿ ಅಕ್ಕಿಕಾಳು ನಿಲ್ಲುತ್ತಿತ್ತು. ಪಾವು ಎಂದರೆ ಕೊಯಮತ್ತೂರು ಬಳಿಯ ಕರುಮತ್ತಂಪಟ್ಟಿಯ ನಮ್ಮ ಮನೆಮಾತಿನಲ್ಲಿ ಹಾಸುನೂಲು. ಮಗ್ಗಕ್ಕೇರುವ ಮೊದಲು ಅದರ ಸಾವಿರಾರು ಎಳೆಗಳನ್ನು ಸಮಪಾಲು ಮಾಡಿ ಸುತ್ತುವುದು ಅವರ ಕೆಲಸ. ರಕ್ತಸಂಬಂಧವೇನಿಲ್ಲ, ಪಕ್ಕದ ಶೆಡ್ಡಿನವರು; ಅಪ್ಪನ ಮಗ್ಗಕ್ಕೆ ಪಾವು ಸುತ್ತಿಕೊಡುತ್ತಿದ್ದವರು.

ಐದು ಸಾವಿರದ ನಲವತ್ತು ಎಳೆಯ ಪಾವೆಂದರೆ ಅವರಿಗೆ ಪ್ರಾಣ. "ಒಳ್ಳೆ ಗುಣದ ನಂಬರ್ ಇದು, ಕಣ್ಣು. ಏಳು ಪಂಗು ಹಾಕು, ಒಂಬತ್ತು ಹಾಕು, ಜಗಳವೇ ಇಲ್ಲೆ" ಎನ್ನುತ್ತಿದ್ದರು. ಪಂಗು ಎಂದರೆ ಪಾಲು; ಕಣ್ಣು ಎಂದರೆ ನಾನು, ಮುದ್ದಿಗೆ. ನಿಜ, ಒಂದರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಅದರಲ್ಲಿ ಶೇಷ ಉಳಿಯದು. ನಾಲ್ಕನೇ ಕ್ಲಾಸು ದಾಟದ ಮನುಷ್ಯ ಅದನ್ನು ಕೈಕೆಲಸದಲ್ಲೇ ಕಂಡುಕೊಂಡಿದ್ದರು. ಸರಿಯಾಗಿ ಹಂಚಲಾಗದ ಆರ್ಡರ್ ಬಂದ ದಿನ ಮಾತ್ರ ದೊಡ್ಡಮ್ಮನೂ ಅವರ ತಂಟೆಗೆ ಹೋಗುತ್ತಿರಲಿಲ್ಲ.

ಹನ್ನೊಂದನೇ ಕ್ಲಾಸಿನಲ್ಲಿ ನಾನು ಲೆಕ್ಕದಲ್ಲಿ ಫೇಲಾದೆ. ಓದು ಸಾಕು, ಮುಂದಿನ ವಾರದಿಂದ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗು ಎಂದರು ಅಪ್ಪ. ನಾನು ದೊಡ್ಡಪ್ಪನ ಶೆಡ್ಡಿನಲ್ಲಿ ಕೂತು ಗೊಳೋ ಎಂದು ಅತ್ತೆ. ಸಮಾಧಾನ ಹೇಳುವುದು ಅವರಿಗೆ ಬಾರದು. ಓಡುತ್ತಿದ್ದ ಪಾವಿನಲ್ಲಿ ಕಡಿದ ಎಳೆಯೊಂದನ್ನು ಹಿಡಿದು ಕೇಳಿದರು:

"ಅಳೋದು ಆಮೇಲೆ ಅಳು. ಐದು ಸಾವಿರದ ನಲವತ್ತರಲ್ಲಿ ಒಂದೆಳೆ ಹೋದ್ರೆ, ಮಿಕ್ಕಿದ್ದನ್ನ ಎಷ್ಟು ಪಂಗು ಹಾಕ್ಬೋದು? ಇಷ್ಟು ವರ್ಷ ಆತು, ನಂಗೆ ಸಿಕ್ಕಿಲ್ಲೆ."

ಐದು ಸಾವಿರದ ಮೂವತ್ತೊಂಬತ್ತು. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂದೆ ಮೂರು ದಿನ ಭಾಗಿಸಿದೆ. ಮೂರಕ್ಕೆ ಬಗ್ಗಲಿಲ್ಲ, ಹದಿಮೂರಕ್ಕೆ ಬಗ್ಗಲಿಲ್ಲ, ಹಟಮಾರಿ ಸಂಖ್ಯೆ. ಎಪ್ಪತ್ತಕ್ಕೆ ಬಂದಾಗ ಥಟ್ಟನೆ ಹೊಳೆಯಿತು: ಇನ್ನು ಮುಂದೆ ಹೋಗಬೇಕಿಲ್ಲ. ಎಪ್ಪತ್ತೊಂದನ್ನು ಎಪ್ಪತ್ತೊಂದರಿಂದ ಗುಣಿಸಿದರೇ ಎರಡು ಹೆಚ್ಚಾಗುತ್ತದೆ. ಇದನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಒಡೆಯಬಹುದಾದರೆ, ಚಿಕ್ಕದು ಎಪ್ಪತ್ತರೊಳಗೇ ಸಿಗಬೇಕಿತ್ತು. ಸಿಕ್ಕಿಲ್ಲ. ಅಂದರೆ ಇದನ್ನು ಯಾರೂ ಪಾಲು ಮಾಡಲಾರರು!

ಓಡಿಹೋಗಿ ದೊಡ್ಡಪ್ಪನಿಗೆ ಎಲ್ಲವನ್ನೂ ವಿವರಿಸಿದೆ. ಅವರು ಹಾಳೆಗಳನ್ನು ತಿರುವಿ ತಿರುವಿ ನೋಡಿ, ತಲೆದೂಗಿ, ಮಿಷಿನ್ ನಿಲ್ಲಿಸಿ ಸೀದಾ ನಮ್ಮ ಮನೆಗೆ ನಡೆದರು.

"ತಮ್ಮಾ, ಇವಳು ಹೇಳಿದ ಲೆಕ್ಕ ಪೂರಾ ಸರಿ. ನಾನು ನೋಡಿದೀನಿ. ಇವಳನ್ನ ಕಂಪನಿಗೆ ಕಳಿಸಿದ್ರೆ ನಿನ್ನ ಪಾವು ನಾನು ಮುಟ್ಟೋದಿಲ್ಲೆ."

"ನೀವೇ ನೋಡಿದ್ದೀರಿ ಅಂದ್ಮೇಲೆ ಏನಣ್ಣ..." ಎಂದು ಅಪ್ಪ ಮೆತ್ತಗಾದರು. ನಾನು ಶಾಲೆಗೆ ಮರಳಿದೆ. ಈಗ ಕೊಯಮತ್ತೂರಿನಲ್ಲಿ ಗಣಿತದ ಟೀಚರ್.

ಕಳೆದ ಮಾರ್ಗಳಿ ತಿಂಗಳಲ್ಲಿ ದೊಡ್ಡಪ್ಪ ಹೋದರು. ಕಾರ್ಯ ಮುಗಿದ ಮೇಲೆ ದೊಡ್ಡಮ್ಮನ ಪಕ್ಕ ಕೂತು, ನನ್ನ ಲೆಕ್ಕವನ್ನು ಮೊದಲು ಒಪ್ಪಿದವರು ದೊಡ್ಡಪ್ಪನೇ ಎಂದೆ. ಆ ದುಃಖದಲ್ಲೂ ಅವರಿಗೆ ನಗು ಬಂತು.

"ಅಯ್ಯೋ ಕಣ್ಣು, ಅವತ್ತು ಮನೆಗೆ ಬಂದು ಏನಂದ್ರು ಗೊತ್ತಾ? 'ಆ ಹುಡುಗಿ ಹೇಳಿದ್ದು ತಲೆಬುಡ ಗೊತ್ತಾಗ್ಲಿಲ್ಲೆ. ಆದ್ರೆ ಹೇಳ್ತಾ ಹೇಳ್ತಾ ಅವಳು ಅಳೋದನ್ನೇ ಮರ್ತಿದ್ದಳು. ಅದಕ್ಕೇ ಸರಿ ಅಂದ್ಬಿಟ್ಟೆ' ಅಂದ್ರು."