ಮುನ್ನೂರರ ಏಣಿ ಮತ್ತು ಮುಲುಂಡಿನ ಫ್ರಿಜ್

2024ರ ಏಪ್ರಿಲ್‌ನಲ್ಲಿ ನಮ್ಮ ಹೋಟೆಲ್ ಸಂಸ್ಥೆಯ ಮುಲುಂಡ್ ಶಾಖೆಯಿಂದ ಸತತ ಮೂರು ದಿನ ಒಂದೇ ದೂರು ಬಂತು: ಸಂಜೆಯ ಇಡ್ಲಿ ಹುಳಿ. ಆಗ ನಾನು ಮಲಾಡಿನ ಮುಖ್ಯ ಕಚೇರಿಯಲ್ಲಿ ಡೇಟಾ ಅನಲಿಸ್ಟ್. ಆರು ಶಾಖೆಗಳ ವಹಿವಾಟನ್ನು ಗೋಡೆಯ ಟೀವಿಯಲ್ಲಿ ಗೆರೆಗಳಾಗಿ ತೋರಿಸುವುದು ನನ್ನ ಕೆಲಸ. ಒಂದು ಬಟನ್ ಒತ್ತಿದರೆ ಗಂಟೆಗೆ ಹೋದ ಪ್ಲೇಟುಗಳು, ಇನ್ನೊಂದು ಒತ್ತಿದರೆ ಹಿಟ್ಟಿನ ಫ್ರಿಜ್ಜಿನ ತಾಪಮಾನ.

ಮಾಲೀಕರಾದ ಶೆಟ್ಟರು ಎರಡನೆಯದನ್ನು ಒತ್ತಿದರು. ಮುಲುಂಡಿನ ಗೆರೆ ನೆಲಕ್ಕಂಟಿ ನಿದ್ದೆ ಹೋಗಿತ್ತು.

"ಫ್ರಿಜ್ ಸರಿ ಉಂಟಲ್ಲ. ಹಾಗಾದ್ರೆ ರುಬ್ಬಿದ್ದೇ ಸರಿ ಇಲ್ಲ. ವಾಸುಗೆ ಹೇಳಿ, ಸೋಮವಾರದಿಂದ ಬರೋದು ಬೇಡ."

ಆಂಟಾಪ್ ಹಿಲ್‌ನ ನಮ್ಮ ಅಡುಗೆಕೇಂದ್ರದಲ್ಲಿ ಆರೂ ಶಾಖೆಗಳಿಗೆ ಹಿಟ್ಟು ರುಬ್ಬುತ್ತಿದ್ದವರು ವಾಸಣ್ಣ. ಇಪ್ಪತ್ತೆರಡು ವರ್ಷಗಳ ಕೆಲಸ. ಸುದ್ದಿ ಮುಟ್ಟಿದ ದಿನವೇ ಅವರು ಕಚೇರಿಗೆ ಬಂದು ಟೀವಿಯ ಮುಂದೆ ನಿಂತರು.

"ನಿಮ್ಮ ಈ ಟೀವಿಗೆ ಹುಳಿ ಗೊತ್ತುಂಟಾ ಮಾರಾಯ್ರೆ? ಬೇರೆ ಐದು ಕಡೆ ಅದೇ ಹಿಟ್ಟು, ಒಬ್ರೂ ಮಾತಾಡ್ಲಿಲ್ಲ. ನಾಳೆ ಮಧ್ಯಾಹ್ನ ಮೂರಕ್ಕೆ ಮುಲುಂಡಿಗೆ ಬನ್ನಿ, ಕ್ಯಾನಿಗೆ ಕೈ ಇಟ್ಟು ನೋಡಿ."

ಮರುದಿನ ದಾದರ್‌ನಲ್ಲಿ ಲೋಕಲ್ ರೈಲು ಬದಲಿಸಿದೆ. ಮಧ್ಯಾಹ್ನದ ಹೊತ್ತು ರೈಲಿನ ಡಬ್ಬಿ ಖಾಲಿ, ಫ್ಯಾನುಗಳು ತಮ್ಮಷ್ಟಕ್ಕೆ ತಿರುಗುತ್ತಿದ್ದವು. ಕಿಟಕಿಯಾಚೆ ಬಿಲ್ಡಿಂಗುಗಳು ಬಿಸಿಲಲ್ಲಿ ಕರಗಿ, ಏರಿ, ಇಳಿದು ಒಂದೇ ಉದ್ದನೆಯ ಗೆರೆಯಾಗಿ ಸಾಗಿದವು. ಎಚ್ಚರವಿದ್ದೆನೋ ತೂಕಡಿಸಿದ್ದೆನೋ, ಮುಲುಂಡ್ ಬಂದೇಬಿಟ್ಟಿತು.

ವಾಸಣ್ಣ ಹಿಂಬಾಗಿಲಲ್ಲಿ ಕಾದಿದ್ದರು. ಫ್ರಿಜ್ ತೆರೆದೆ. ಸ್ಟೀಲ್ ಕ್ಯಾನಿನ ಮೈ ತಣ್ಣಗಿರಲಿಲ್ಲ. ಒಳಗೆ ಹಿಟ್ಟು ಮೆಲ್ಲಗೆ ಗುಳ್ಳೆಯೊಡೆಯುತ್ತಿತ್ತು.

ಅಲ್ಲೇ ಅಕ್ಕಿಮೂಟೆಯ ಮೇಲೆ ಲ್ಯಾಪ್‌ಟಾಪ್ ತೆರೆದೆ. ತಪ್ಪು ನನ್ನದೇ. ಆಕ್ಸಿಸ್ ಎಂದರೆ ಗ್ರಾಫಿನ ಪಕ್ಕದಲ್ಲಿ ಅಂಕಿಗಳು ನಿಲ್ಲುವ ಏಣಿ. ಶಾಖೆಗಳನ್ನು ಒಂದೇ ಅಳತೆಯಲ್ಲಿ ಹೋಲಿಸಲೆಂದು ಅದನ್ನು ಸೊನ್ನೆಯಿಂದ ಮುನ್ನೂರಕ್ಕೆ ಕಟ್ಟಿಹಾಕಿದ್ದೆ. ಪ್ಲೇಟುಗಳಿಗೆ ಅದು ಸರಿ. ಆದರೆ ಬಟನ್ ಬದಲಾದರೂ ಏಣಿ ಬದಲಾಗುತ್ತಿರಲಿಲ್ಲ. ಮುನ್ನೂರು ಮೆಟ್ಟಿಲಿನ ಬುಡದಲ್ಲಿ ನಾಲ್ಕು ಡಿಗ್ರಿಯೂ ಹದಿಮೂರು ಡಿಗ್ರಿಯೂ ಒಂದೇ.

ಗರಿಷ್ಠ ಮಿತಿಯ ಜಾಗದಲ್ಲಿ ಸಂಖ್ಯೆ ಅಳಿಸಿ ಷರತ್ತು ಬರೆದೆ: ಪ್ಲೇಟು ಆಯ್ದರೆ 300, ತಾಪಮಾನ ಆಯ್ದರೆ 15. ಮಲಗಿದ್ದ ಗೆರೆ ಎದ್ದಿತು. ದಿನವೂ ಮಧ್ಯಾಹ್ನ ಎರಡಕ್ಕೆ ಹದಿಮೂರರತ್ತ ಏರುವುದು, ಐದಕ್ಕೆ ಇಳಿಯುವುದು, ಮಲಗಿದವರ ಎದೆಯಂತೆ ಸಾವಕಾಶ. ವಾಸಣ್ಣ ಬಗ್ಗಿ ಅದನ್ನು ನೋಡಿದರು. ಆಮೇಲೆ ಫ್ರಿಜ್ಜಿನ ಬಾಗಿಲಂಚಿನಲ್ಲಿ ಬೆರಳಾಡಿಸಿದರು. ರಬ್ಬರ್ ಸೀಳಿಹೋಗಿತ್ತು. ಹಿಂಬಾಗಿಲ ಬಿಸಿಲು ಮಧ್ಯಾಹ್ನ ನೇರ ಅಲ್ಲಿಗೇ ಬೀಳುತ್ತಿತ್ತು.

ಶೆಟ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ನನ್ನ ತಪ್ಪನ್ನೂ.

"ವಾಸು ಅಲ್ಲಿದ್ದಾನಾ? ಕೊಡಿ ಅವನಿಗೆ."

ವಾಸಣ್ಣ ಫೋನ್ ಕಿವಿಗಿಟ್ಟು ಬಹಳ ಹೊತ್ತು ಕೇಳಿದರು. ಕೊನೆಗೆ ಹೇಳಿದ್ದಿಷ್ಟೇ: "ಆಯ್ತು ಧಣಿ. ಸೋಮವಾರಕ್ಕೆ ಉದ್ದು ಎಷ್ಟು ನೆನೆಹಾಕ್ಲಿ?"

ಅಂದಿನಿಂದ ಯಾವ ಗ್ರಾಫ್ ಎದುರಾದರೂ ನಾನು ಮೊದಲು ಓದುವುದು ಪಕ್ಕದ ಏಣಿಯನ್ನು. ವಾಸಣ್ಣ ಈಗಲೂ ಆಂಟಾಪ್ ಹಿಲ್‌ನಲ್ಲೇ ರುಬ್ಬುತ್ತಾರೆ. ನಿನ್ನೆ ಮಧ್ಯಾಹ್ನ ಮೂರಕ್ಕೆ ಮುಲುಂಡಿನ ಫ್ರಿಜ್ ನಾಲ್ಕು ಡಿಗ್ರಿಯಲ್ಲಿತ್ತು.