ತಪ್ಪಿದ ಎಳೆ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ರಾಮದುರ್ಗದಲ್ಲಿ ಕೈಮಗ್ಗ ನೇಯುತ್ತಿದ್ದೆ. ಮಗ್ಗದಿಂದ ಇಳಿದ ಪ್ರತಿ ಸೀರೆಯನ್ನೂ ಮಾಲೀಕರ ತಾಯಿ ಅಂಗಳದ ಬಿಸಿಲಿಗೆ ಹಿಡಿದು, ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸುತ್ತಿದ್ದರು. "ಇದನ್ನ ನೇದಾಂವ ಯಾರಪಾ?" ಎಂದು ಕೇಳಿದ ಮೇಲೆಯೇ ಮಡಚುತ್ತಿದ್ದರು. ಆ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು. ದಿನವಿಡೀ ಬೆನ್ನು ನೋಯಿಸಿಕೊಂಡವನಿಗೆ ಇದೆಂಥ ಪರೀಕ್ಷೆ!

ಒಮ್ಮೆ ಅಂಚಿನಲ್ಲಿ ಎಳೆಯೊಂದು ಕಡಿದದ್ದು ನನಗೆ ಕಾಣಲೇ ಇಲ್ಲ. ಆಕೆಗೆ ಕಂಡಿತು. "ಇರಲಿ ಬಿಡೋ ತಮ್ಮಾ, ಇದನ್ನ ನಾನ ಉಡತೇನಿ" ಎಂದರು. ದೀಪಾವಳಿಗೆ ಅದನ್ನೇ ಉಟ್ಟು ನಮಗೆಲ್ಲ ಕರ್ಚಿಕಾಯಿ ಹಂಚಿದರು. ಹಬ್ಬ ಮುಗಿಯುವವರೆಗೂ ಆ ಎಳೆ ನನ್ನ ಕಣ್ಣು ಚುಚ್ಚಿತು. ಆಮೇಲೆ ನನ್ನ ಕೈ ತಪ್ಪಲಿಲ್ಲ.

ಹೆಚ್ಚಿನ ಪಗಾರದ ಆಸೆಗೆ ಬೈಲಹೊಂಗಲದಲ್ಲಿ ವಿದ್ಯುತ್ ಮಗ್ಗದ ಕೆಲಸಕ್ಕೆ ಸೇರಿದೆ. ಪಗಾರ ಸರಿಯಾಗಿ ಬರುತ್ತಿತ್ತು. ಆದರೆ ಸೀರೆಗಳನ್ನು ಬಿಚ್ಚಿ ನೋಡದೆಯೇ ಗಂಟು ಕಟ್ಟಿ ಲಾರಿಗೆ ಹಾಕುತ್ತಿದ್ದರು. ಅಂಗಳದ ಬಿಸಿಲು ಕಂಡಾಗಲೆಲ್ಲ ನನಗೆ ಆ ಹೆಬ್ಬೆರಳು ನೆನಪಾಗುತ್ತಿತ್ತು. ಒಂದು ದಿನ ಬೇಕಂತಲೇ ಅಂಚಿನ ಎಳೆಯೊಂದನ್ನು ಕಡಿದು, ಗಂಟು ಹಾಕದೆ ಬಿಟ್ಟೆ.

ವಾರಗಟ್ಟಲೆ ಕಾದೆ. ನೇದಾಂವ ಯಾರಪಾ ಎಂದು ಯಾರೂ ಕೇಳಲಿಲ್ಲ.