ನಿಲ್ಲದ ಅಂಕಿ

"ಮಾವಶಿ, ವೈರ್ ಎಲ್ಲಾ ಬರೋಬರಿ ಹಚ್ಚೇನಿ. ಆದ್ರೂ ಅಂಕಿ ನಿಂದ್ರವಲ್ದು ನೋಡ್ರಿ!"

ಮಿರಜ ಬಳಿಯ ಆರಗ ಊರಿನ ನಮ್ಮ ನೆರೆಮನೆಯ ಸೊಸೆ ಸುಜಾತಾ ಚಿಕ್ಕಮ್ಮನೆಂಬ ಸಲಿಗೆಯಿಂದ ನನ್ನನ್ನು ಕರೆದಳು. ಹಾಸಿಗೆ ಹಿಡಿದ ಅತ್ತೆಯ ಗಾಳಿಹಾಸಿಗೆಯ ನಳಿಗೆಗೆ ಒತ್ತಡದ ಸೆನ್ಸರ್ ಕೂಡಿಸಿ, ಅದನ್ನು ಪರದೆಯಿರುವ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಜೋಡಿಸಿದ್ದಳು. ಹಾಸಿಗೆಯ ಗಾಳಿ ಇಳಿದೊಡನೆ ಅದು ಗಂಟೆ ಬಾರಿಸಬೇಕು. ಇಲ್ಲವಾದರೆ ಅತ್ತೆಯ ಬೆನ್ನಿನ ಹುಣ್ಣು ಮತ್ತೆ ಕೆರಳುತ್ತದೆ. ಆದರೆ ಪರದೆಯ ಅಂಕಿ ಏರುತ್ತ ಇಳಿಯುತ್ತಲೇ ಇತ್ತು, ಗಂಟೆಯೂ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತಿತ್ತು.

ಮಿರಜದಲ್ಲಿ ನರ್ಸ್ ಆಗಿದ್ದ ನನಗೆ ರೋಗಿಯ ಬಳಿ ನಿಂತೊಡನೆ ಗಡಿಯಾರ ನೋಡಿ ಉಸಿರು ಎಣಿಸುವ ರೂಢಿ. ಎಣಿಸುವಾಗಲೇ ಕಂಡಿತು: ಅತ್ತೆಯ ಎದೆ ಏರಿದರೆ ಅಂಕಿ ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು.

"ವೈರ್ ತಪ್ಪಿಲ್ಲ ಯವ್ವಾ. ಅದು ನಿಮ್ಮ ಅತ್ತಿ ಉಸರು!" ಎಂದೆ.

ಅತ್ತೆ ಕಣ್ಣು ತೆರೆದರು. "ಹಂಗಾರ ನಿನ್ನ ಅಂಕಿ ಸಲುವಾಗಿ ನಾ ಉಸರಾಡೂದ ಬಿಡಲೇನ, ಸೂನಬಾಯಿ?" ಎಂದು ಸೊಸೆಯನ್ನು ಕೇಳಿದರು.

ಸುಜಾತಾ ನಗುತ್ತಲೇ ಕಣ್ಣೊರೆಸಿಕೊಂಡಳು. ಅಂಕಿ ಉಸಿರಿನ ಏರಿಳಿತಕ್ಕಿಂತ ಕೆಳಗೆ ಬಿದ್ದರೆ ಮಾತ್ರ ಗಂಟೆ ಬಾರಿಸುವಂತೆ ಮಾಡಿದಳು.

ಈಗ ಹೊಲದಿಂದ ಬಂದೊಡನೆ ಅವಳು ಮೊದಲು ಆ ಪರದೆ ನೋಡುತ್ತಾಳೆ. ಅಂಕಿ ಅಲುಗಾಡುವುದನ್ನು ಕಂಡ ಮೇಲೆಯೇ ಚಹಾಕ್ಕೆ ಇಡುತ್ತಾಳೆ.